ಮಳೆ ಹೇಳುವ ಅಳಿಯ

ಮಾರ್ಚ್ ತಿಂಗಳಲ್ಲಿ ಮೂಡಿಗೆರೆಯಲ್ಲಿ ಇಬ್ಬರು ಎದುರಾದರೆ "ಊಟ ಆಯ್ತಾ" ಎಂದು ಕೇಳುವುದಿಲ್ಲ. "ನಿಮ್ಮಲ್ಲಿ ಎಷ್ಟು ಸೆಂಟ್" ಎಂದು ಕೇಳುತ್ತಾರೆ. ನೂರು ಸೆಂಟ್ ಮಳೆ ಸೇರಿದರೆ ಒಂದು ಇಂಚು. ಒಂದು ಇಂಚು ಹೂಮಳೆ ಬಿದ್ದರೆ ಕಾಫಿ ಗಿಡಕ್ಕಿಂತ ವಾರ ಮೊದಲೇ ಬೆಳೆಗಾರನ ಮುಖ ಅರಳುತ್ತದೆ. ನಾನು ಕೆಲಸ ಮಾಡುವ ಗೊಬ್ಬರದಂಗಡಿಯ ಕಟ್ಟೆಯ ಮೇಲೆ ದಿನವಿಡೀ ಇದೇ ಮಾತು. ಅಲ್ಲೇ ಕೂತು ಬಿಲ್ ಬರೆಯುವ ನನ್ನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಕೇಳುವುದಾದರೂ ಯಾಕೆ? ನನ್ನ ಕೃಷಿಭೂಮಿಯೆಂದರೆ ಬಾಡಿಗೆ ಮನೆಯ ತಾರಸಿಯ ಮೇಲೆ ನನ್ನ ಹೆಂಡತಿ ಸೌಮ್ಯ ಇಟ್ಟಿರುವ ಕರಿಬೇವಿನ ಕುಂಡ. (ಅದೂ ಅವಳದ್ದೇ ಎಂದು ಅವಳ ವಾದ.)

ಹೀಗಿರುವಾಗ ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನಿಂತು, ಗುಡ್ಡದ ಕಡೆ ನೋಡುತ್ತ, ಯಾರಿಗೆಂದೂ ಇಲ್ಲದೆ "ಈಗ ಬರುತ್ತೆ" ಎಂದೆ. ಬಂತು. ಜೀಪಿಗೆ ಗೊಬ್ಬರದ ಚೀಲ ಹೇರಿಸುತ್ತಿದ್ದ ಅಪರಿಚಿತ ಬೆಳೆಗಾರರೊಬ್ಬರು ತಿರುಗಿ ನನ್ನನ್ನೇ ನೋಡಿದರು. ಬಿಲ್ ಬರೆಯುವವನನ್ನು ಯಾರೂ ಹಾಗೆ ನೋಡುವುದಿಲ್ಲ. ಆ ಒಂದು ನೋಟ ನನ್ನ ತಲೆ ಕೆಡಿಸಿತು. ಅಂದಿನಿಂದ ನನ್ನ ಬದುಕಿಗೊಂದು ಗುರಿ ಹುಟ್ಟಿತು: ಈ ಸೀಮೆಗೆ ಮಳೆ ಹೇಳುವವನಾಗಬೇಕು.

ಮಹತ್ಕಾರ್ಯಕ್ಕೆ ಮೊದಲ ಅಡ್ಡಿ ಮನೆಯಿಂದಲೇ ತಾನೆ?

"ಒಂದು ಗಿಡ ಕಾಫಿ ಇಲ್ಲದೋರು ಮಳೆ ಹೇಳಿ ಏನ್ ಮಾಡ್ತೀರಿ?" ಎಂದಳು ಸೌಮ್ಯ.

"ಇದು ನನ್ನ ಕನಸು ಕಣೇ."

"ಕನಸು ಕಾಣಿ, ಬೇಡ ಅನ್ನಲ್ಲ. ತಾರಸಿ ಮೇಲೆ ಮಳೆ ಅಳೆಯೋ ಡಬ್ಬ ಇಟ್ಟು, ಅದರ ಹತ್ರ ಬಟ್ಟೆ ಹರವಬಾರದು ಅಂತೀರಲ್ಲ, ಕನಸು ಕಾಣೋರ ಒದ್ದೆ ಬನಿಯನ್ ಎಲ್ಲಿ ಒಣಗಿಸಲಿ?"

"ಮನುಷ್ಯ ಅಂದ್ಮೇಲೆ ಬದುಕಿಗೊಂದು ಉದ್ದೇಶ ಬೇಕು ಸೌಮ್ಯ."

"ಬೇಕು ರೀ. ಗ್ಯಾಸ್ ಬೆಳಿಗ್ಗೆಯಿಂದ ಖಾಲಿ ಇದೆ. ಸಿಲಿಂಡರ್ ಬದಲಾಯಿಸೋದೂ ಒಂದು ಉದ್ದೇಶನೇ."

ಸಿಲಿಂಡರ್ ಬದಲಾಯಿಸಿಕೊಟ್ಟು ನನ್ನ ಸಾಧನೆಗೆ ಮರಳಿದೆ. ನನ್ನ ವಿಧಾನ ಸರ್ವತೋಮುಖವಾದದ್ದು. ಮೊಬೈಲಿನಲ್ಲಿ ದೇಶವಿದೇಶದ ಮೋಡದ ನಕ್ಷೆಗಳು, ತಾರಸಿಯ ಗಾಳಿ, ಗೋಡೆಯ ಇರುವೆ, ಜೊತೆಗೆ ನಮ್ಮ ಅಂಗಡಿಯ ಮಾಲೀಕರಾದ ಸೋಮಶೇಖರಪ್ಪನವರ ಮೊಣಕಾಲು ನೋವು. ಇವು ನಾಲ್ಕೂ ಒಂದೇ ಮಾತು ಹೇಳಿದ ದಿನ ಇಲ್ಲ. ಹೇಳದಿದ್ದಾಗ ನಾನು ಮೊಣಕಾಲನ್ನು ನಂಬುತ್ತಿದ್ದೆ.

ನಗಬೇಡಿ. ಹಗಲೆಲ್ಲ ಇನ್ನೊಬ್ಬರ ತೋಟಕ್ಕೆ ಇನ್ನೊಬ್ಬರ ಗೊಬ್ಬರದ ಬಿಲ್ ಬರೆಯುವವನಿಗೆ, ಯಾರ ಖಾತೆಯಲ್ಲೂ ಇಲ್ಲದ ಜಾಗ ಅಂತ ಕಾಣಿಸುವುದು ಆಕಾಶ ಒಂದೇ. ಬೆಳಗಿನ ಹೊತ್ತು ತಾರಸಿಯ ಮೇಲೆ ನಿಂತು ಅದನ್ನು ಓದಲು ಯತ್ನಿಸುವಾಗ, ನಾನು ಸಂಬಳಕ್ಕಾಗಿ ಎದ್ದವನಲ್ಲ ಅನ್ನಿಸುತ್ತಿತ್ತು. ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ. (ಯಾರಾದರೂ ಆ ಬೆಳೆಗಾರರ ಹಾಗೆ ಇನ್ನೊಮ್ಮೆ ನೋಡಿದ್ದರೆ ಬೇಡ ಅನ್ನುತ್ತಿರಲಿಲ್ಲ.)

ನೋಡುವವರೂ ಸಿಕ್ಕರು. ಗೋಣಿಬೀಡಿನ ಹತ್ತಿರ ಸಣ್ಣ ಕಾಫಿ ತೋಟ ಇಟ್ಟುಕೊಂಡಿರುವ ನನ್ನ ಮಾವ ಸಿದ್ದಬಸಪ್ಪನವರು, ಮದುವೆಯಾದಾಗಿನಿಂದ ನನ್ನೊಡನೆ "ಬಂದ್ರಾ", "ಹೊರಟ್ರಾ" ಎಂಬೆರಡು ಮಾತು ಬಿಟ್ಟು ಮೂರನೆಯದು ಆಡಿದವರಲ್ಲ. ಅಂಥವರು ಈ ವರ್ಷ ತಾವಾಗಿ ಫೋನ್ ಮಾಡತೊಡಗಿದರು. "ಅಳಿಯಂದ್ರೆ, ಈ ವಾರ ಹೆಂಗೆ?" ನಾನು ಹೇಳುತ್ತಿದ್ದೆ. ಅವರು ಗಂಭೀರವಾಗಿ "ಹೂಂ" ಎನ್ನುತ್ತಿದ್ದರು. ಆಮೇಲೆ ಅವರ ಪಕ್ಕದ ತೋಟದ ಮಲ್ಲೇಶನೂ ಕೇಳತೊಡಗಿದ. "ಪ್ರಸಾದಣ್ಣ, ನೀವು ಒಂದು ಮಾತು ಹೇಳಿದ್ರೆ ನಮಗೆ ಧೈರ್ಯ" ಎಂದ. ಆ ರಾತ್ರಿ ನಾನು ಚಪಾತಿ ಎಷ್ಟು ತಿಂದೆನೆಂದು ನನಗೇ ತಿಳಿಯಲಿಲ್ಲ.

ಈ ಮಾರ್ಚ್ ಎರಡನೇ ವಾರ ಮಾವನ ಫೋನ್ ಬಂತು. ದನಿ ಭಾರವಾಗಿತ್ತು. ಮೊಗ್ಗು ಕಾದು ನಿಂತಿದೆ; ಈಗ ನೀರು ಸಿಗದಿದ್ದರೆ ಸುಟ್ಟುಹೋಗುತ್ತದೆ. ಕೆರೆಯಲ್ಲಿರುವ ನೀರು ಒಂದು ಸಲ ಸ್ಪ್ರಿಂಕ್ಲರ್ ಹಾಯಿಸಲಿಕ್ಕೆ ಮಾತ್ರ ಸಾಕು. ಮಳೆ ಬರುವುದಾದರೆ ಕೆರೆಯ ನೀರು ಉಳಿಸಿಕೊಂಡು, ಹೂ ಉದುರಿದ ಮೇಲೆ ಕಾಯಿ ಕಚ್ಚಲು ಬೇಕಾದ ಎರಡನೇ ನೀರಿಗೆ ಇಟ್ಟುಕೊಳ್ಳಬಹುದು. ಬರದಿದ್ದರೆ ಈಗಲೇ ಹಾಯಿಸಬೇಕು.

"ವರ್ಷದ ಬೆಳೆ ಇದರ ಮೇಲೆ ನಿಂತಿದೆ ಅಳಿಯಂದ್ರೆ. ನೋಡ್ಕೊಂಡು ಹೇಳಿ."

ಎರಡು ದಿನ ನಕ್ಷೆ ನೋಡಿದೆ, ಗಾಳಿ ನೋಡಿದೆ, ಸೋಮಶೇಖರಪ್ಪನವರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದೆ. ಬುಧವಾರ ಹೇಳಿದೆ. "ಶನಿವಾರ ಸಂಜೆ ಬರುತ್ತೆ ಮಾವ."

"ಖಂಡಿತನಾ?"

"ಖಂಡಿತ."

ಆ ಕಡೆಯಿಂದ ನೆಮ್ಮದಿಯ ಉಸಿರು ಕೇಳಿಸಿತು.

ನನ್ನ ನೆಮ್ಮದಿ ಮಾತ್ರ ಅಲ್ಲಿಗೆ ಮುಗಿಯಿತು. ಶನಿವಾರ ಬೆಳಿಗ್ಗೆ ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿಲ್ಲ. ಮೊಣಕಾಲು ಹೇಗಿದೆ ಎಂದು ವಿಚಾರಿಸಿದರೆ, ಸೋಮಶೇಖರಪ್ಪನವರು "ನಿನ್ನೆಯಿಂದ ಆರಾಮ ಮಾರಾಯ, ಎಣ್ಣೆ ಬದಲಾಯಿಸಿದೆ" ಎಂದರು. ನನ್ನ ಒಂದು ಮಾತನ್ನು ನಂಬಿ ಒಬ್ಬ ಮನುಷ್ಯ ವರ್ಷದ ಬೆಳೆ ಒಣಗಿಸಿಕೊಳ್ಳುತ್ತಿದ್ದಾನೆ. ಕನಸು ಕಾಣುವುದು ನನ್ನ ಹಕ್ಕು, ಸರಿ. ಆದರೆ ಅದು ತಪ್ಪಿದಾಗ ಒಣಗುವ ತೋಟ ನನ್ನದಲ್ಲವಲ್ಲ. ಮಧ್ಯಾಹ್ನ ರಜೆ ಹಾಕಿ, ಸೌಮ್ಯಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಮಾವನ ಕಾಲಿಗೆ ಬೀಳಲು ಹೊರಟೆ. ದಾರಿಯುದ್ದಕ್ಕೂ ಅವಳು ಹಿಂದೆ ಕೂತು ಹಾಡು ಗುನುಗುತ್ತಿದ್ದಳು. ಅದು ಇನ್ನೂ ಭಯಂಕರವಾಗಿತ್ತು.

ತೋಟದ ಗೇಟಿನಲ್ಲೇ ಸ್ಕೂಟರ್ ನಿಲ್ಲಿಸಿದೆ. ಒಳಗೆ ಸ್ಪ್ರಿಂಕ್ಲರ್ ಚಕಚಕನೆ ತಿರುಗುತ್ತಿತ್ತು. ಗಿಡಗಳೆಲ್ಲ ತೊಯ್ದು ಹೊಳೆಯುತ್ತಿದ್ದವು. ಮಾವ ಗಂಬೂಟು ಹಾಕಿಕೊಂಡು ಪೈಪು ಜೋಡಿಸುತ್ತಿದ್ದರು. ನನ್ನನ್ನು ಕಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಮಾವ, ನಾನು ಮಳೆ ಬರುತ್ತೆ ಅಂದಿದ್ದೆ."

"ಹೌದಲ್ಲ, ಅದಕ್ಕೇ..." ಎಂದು ಅವರು ನಿಲ್ಲಿಸಿದರು. ಹಿಂದಿನಿಂದ ಬಂದ ಅತ್ತೆ ಪ್ರೇಮಕುಮಾರಿಯವರು ನಿಲ್ಲಿಸಲಿಲ್ಲ.

"ನೀವು ಮಳೆ ಅಂದ್ರೆ ಇವ್ರು ಮೋಟಾರ್ ಹಾಕ್ತಾರೆ. ಇಲ್ಲ ಅಂದ್ರೆ ಅಂಗಳದಲ್ಲಿ ಒಣಗಿಸಿದ್ದೆಲ್ಲ ಒಳಗೆ ತರಿಸ್ತಾರೆ. ಮಲ್ಲೇಶನೂ ಹಂಗೇ. ಈ ವರ್ಷ ಒಂದು ಸಲನೂ ಮೋಸ ಆಗಿಲ್ಲ ನಮಗೆ."

"ಏ, ಸುಮ್ನಿರೇ" ಎಂದ ಮಾವ, ನನ್ನ ಮುಖ ನೋಡಿ ಸಮಾಧಾನಕ್ಕಿಳಿದರು. "ಬೇಜಾರು ಮಾಡ್ಕೋಬೇಡಿ ಅಳಿಯಂದ್ರೆ. ಬೇರೆಯೋರು ಒಂದ್ಸಲ ಸರಿ ಹೇಳ್ತಾರೆ, ಒಂದ್ಸಲ ತಪ್ಪು ಹೇಳ್ತಾರೆ. ಅಂಥೋರನ್ನ ಕಟ್ಕೊಂಡು ಏನ್ ಮಾಡೋದು? ನೀವು ಹಂಗಲ್ಲ. ಯಾವತ್ತೂ ಒಂದೇ ಥರ."

ಸೌಮ್ಯಳ ಕಡೆ ತಿರುಗಿದೆ. "ನಿಂಗೂ ಗೊತ್ತಿತ್ತಾ?"

"ನಾನು ಸಂಡಿಗೆ ಇಟ್ಟಿದ್ದೆಲ್ಲ ಯಾವ ದಿನ ಅಂದ್ಕೊಂಡ್ರಿ?"

"ಹೇಳಬಹುದಿತ್ತಲ್ಲ."

"ಬೆಳಿಗ್ಗೆ ತಾರಸಿಯಿಂದ ಇಳಿದು ಬರೋವಾಗ ನಿಮ್ಮ ಮುಖ ಚೆನ್ನಾಗಿರ್ತಿತ್ತು" ಎಂದಳು. "ಅಂಗಡಿಯಿಂದ ಬಂದಾಗ ಹಂಗಿರಲ್ಲ."

ಅವಮಾನವಾಯಿತೋ ಸಂತೋಷವಾಯಿತೋ ನಿರ್ಧರಿಸಲು ಸ್ವಲ್ಪ ಸಮಯ ಬೇಕಿತ್ತು. ಹೇಗೂ ನನ್ನಿಂದ ನಾಲ್ಕು ಜನಕ್ಕೆ ಉಪಯೋಗವಾಗಿದೆ. ಯಾವ ದಿಕ್ಕಿನಿಂದ ಆಯಿತು ಎಂದು ಯಾಕೆ ಕೆದಕಬೇಕು ಎಂಬ ತತ್ತ್ವಕ್ಕೆ ನಾನಿನ್ನೂ ಬರುತ್ತಿದ್ದೆ. ಅಷ್ಟರಲ್ಲಿ ಗುಡ್ಡದ ಹಿಂದೆ ಗುಡುಗಿತು.

ಐದು ಗಂಟೆಗೆ ಗಾಳಿ ಎದ್ದಿತು. ಐದೂವರೆಗೆ ಸುರಿಯಿತು. ಹನಿಯಲ್ಲ, ತುಂತುರಲ್ಲ, ನಕ್ಷೆಯಲ್ಲಿದ್ದ ಹಾಗೆಯೇ ಸುರಿಯಿತು. ತಿರುಗುತ್ತಿದ್ದ ಸ್ಪ್ರಿಂಕ್ಲರಿನ ಮೇಲೇ ಸುರಿಯಿತು. ಮಾವ ಓಡಿಹೋಗಿ ಮೋಟಾರ್ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಕೆರೆಯಲ್ಲಿ ಕಪ್ಪೆಗೆ ಸಾಕಾಗುವಷ್ಟು ನೀರು ಉಳಿದಿತ್ತು.

ದಿನಗಟ್ಟಲೆ ಮುಂಚೆ ಹೇಳಿದ ಮಳೆ ಹೇಳಿದ ಹೊತ್ತಿಗೆ ಬಂದದ್ದು ನನ್ನ ಆಯುಷ್ಯದಲ್ಲೇ ಮೊದಲು. ಎದೆಯೊಳಗೆ ಡೋಲು ಮೊಳಗುತ್ತಿತ್ತು. ಹೊರಗೆ ಮಾತ್ರ ಜಗಲಿಯ ಮೂಲೆಯಲ್ಲಿ, ಯಾರ ಮನೆಯದೋ ಲೋಟ ಒಡೆದವನ ಹಾಗೆ ಕೂತಿದ್ದೆ. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟರು. ನನಗೆ ಕೊನೆಗೆ ಕೊಟ್ಟರು.

"ನೀವೂ ಹಿಂಗೆ ಮಾಡಿದ್ರೆ ಹೆಂಗೆ ಅಳಿಯಂದ್ರೆ" ಎಂದರು ಮಾವ. ಸಿಟ್ಟಿರಲಿಲ್ಲ, ನಂಬಿದವರ ನೋವಿತ್ತು.

ಗೊಬ್ಬರದ ಚೀಲ ತಲೆಗೆ ಹೊದ್ದುಕೊಂಡು ಮಲ್ಲೇಶ ಬಂದ. ಅವನ ಕೆರೆಯೂ ಬರಿದಾಗಿತ್ತು. ಮೆಟ್ಟಿಲಲ್ಲೇ ನಿಂತು ನನ್ನನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ, ಚೀಲ ಕೊಡವಿ, ಪಕ್ಕದಲ್ಲಿ ಕೂತು, ವಿನಯದಿಂದ ಕೇಳಿದ.

"ಪ್ರಸಾದಣ್ಣ, ಎರಡನೇ ಮಳೆಗೆ ಇನ್ನು ನೀವೇ ಗತಿ. ಕೆರೆಯಲ್ಲಿ ನೀರಿಲ್ಲ. ಆವಾಗ ಹೇಳ್ತೀರಲ್ಲ, ಅದನ್ನ ಸರಿಯಾಗಿ ಹೇಳ್ತೀರೋ, ಮಾಮೂಲಿನಂಗೆ ಹೇಳ್ತೀರೋ? ಅದೊಂದನ್ನ ಮುಂಚೆನೇ ತಿಳಿಸಿಬಿಡಿ."