ಎಂಟು ಓಮ್

ಹಿಂದಿನ ಸೀಟಿನಲ್ಲಿ ಕೂರುವವರ ಕಿವಿಗೂ ಪದ್ಯ ನೆಟ್ಟಗೆ ಬೀಳಲಿ ಎಂದು ಪ್ರೇಮಾನಂದ ತನ್ನ ಕಾರಿಗೆ ಇನ್ನೆರಡು ಸ್ಪೀಕರುಗಳನ್ನು ತಾನೇ ಸಿಕ್ಕಿಸಿದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಇಷ್ಟಕ್ಕೆಲ್ಲ ಮೆಕ್ಯಾನಿಕ್ ಉಲ್ಲಾಸ ಯಾಕೆ ಎಂದುಕೊಂಡ. ಎಡವಟ್ಟು ಶುರುವಾದದ್ದೇ ಅಲ್ಲಿ.

ಹಿಂದಿನ ಸೀಟಿನವರೆಂದರೆ ಬ್ರಹ್ಮಾವರದ ಗುಣಪಾಲ ಶೆಟ್ರು, ಮೋಕ್ಷಿತಾಳ ಸೋದರಮಾವ. ಹುಡುಗಿ ಪ್ರೇಮಾನಂದನನ್ನು ಒಪ್ಪಿದ್ದಳು, ಅವಳ ಅಪ್ಪ ಅಮ್ಮನೂ ಒಪ್ಪಿದ್ದರು. ಆದರೆ ಅವರ ಕುಟುಂಬದಲ್ಲಿ ಸೋದರಮಾವ ತಲೆಯಾಡಿಸುವ ತನಕ ಉಳಿದವರ ಒಪ್ಪಿಗೆಯೆಲ್ಲ ಅರ್ಧ ಬೆಂದ ಕುಚ್ಚಲಕ್ಕಿ. ಶೆಟ್ರಿಗೆ ಕಾವ್ಯವಾಚನವೆಂದರೆ ಪ್ರಾಣ. ಅದಕ್ಕೇ ಪ್ರೇಮಾನಂದ ಒಳ್ಳೆಯ ವಾಚನಕಾರರೊಬ್ಬರ ಧ್ವನಿಮುದ್ರಣ ಹುಡುಕಿ ಪೆನ್‌ಡ್ರೈವಿಗೆ ತುಂಬಿಸಿ, ಬೈಂದೂರು ರೈಲ್ವೇ ಸ್ಟೇಷನ್ನಿನಲ್ಲಿ ತನ್ನ ಮನೆ ನೋಡಲು ಬಂದ ಶೆಟ್ರನ್ನು ಹತ್ತಿಸಿಕೊಂಡ.

ಮೋಡ ಕವಿದ ಬೆಳಗು. ಗಾಳಿಯೇ ಇಲ್ಲ. ಕಡಲು ಕೂಡ ಉಸಿರು ಹಿಡಿದುಕೊಂಡಂತಿತ್ತು. ವಾಚನ ಶುರುವಾಯಿತು.

'ಕಡಲ ತಡಿಯಲಿ ನಿಂತು ಕರೆದರೆ
ಒಡಲ ನೋವನು ತೆರೆದು ನುಡಿದರೆ
ಬಿಡದೆ ಬೇಡಲು ಬಾರದಿಹನೇ ನಮ್ಮ...'

ಟಕ್. ಸದ್ದಡಗಿತು. ಸ್ವಲ್ಪ ಹೊತ್ತಿನ ಮೇಲೆ ಯಾರೋ ಬಾವಿಯ ತಳದಿಂದ ಗೊಣಗಿದಂತೆ '...ನು' ಎಂಬ ಬಾಲ ಮಾತ್ರ ಬಂತು.

ಕಣ್ಣು ಮುಚ್ಚಿ ಕೇಳುತ್ತಿದ್ದ ಶೆಟ್ರು ಕಣ್ಣು ಬಿಟ್ಟರು. ವಾಚನಕಾರರು ಸಾಲನ್ನು ಮತ್ತೊಮ್ಮೆ ಎತ್ತಿಕೊಂಡರು, ಸ್ವರ ಇನ್ನೂ ಮೇಲೇರಿತು. 'ನಮ್ಮ...' ಟಕ್.

"ಹ್ವಾಯ್," ಎಂದರು ಶೆಟ್ರು ಮೆಲ್ಲಗೆ. "ನಿನ್ ಕಾರ್ ದೇವ್ರ ಹೆಸ್ರ್ ಮಾತ್ರ ಹೇಳೂದಿಲ್ಲ್ಯಾ?"

"ಹಾಂಗೆಂತ ಇಲ್ಲೆ ಮಾವ, ಪದ್ಯದ್ದೇ ಎಂತದೋ ದೋಷ," ಎಂದು ಪ್ರೇಮಾನಂದ ಬೇರೆ ಪದ್ಯ ಹಾಕಿದ. ಯಾವ ಪದ್ಯವಾದರೂ ವಾಚನಕಾರರು ಸ್ವರ ಏರಿಸುವುದು ದೇವರ ಹೆಸರು ಬಂದಾಗಲೇ ತಾನೆ? ಅದೂ ಅಲ್ಲೇ ಕತ್ತರಿಸಿತು. ಶೆಟ್ರು ಸೀಟಿನ ತುದಿಗೆ ಸರಿದು ಕೂತರು, ಬೆನ್ನಿಗೆ ಏನೋ ತಾಗಬಾರದು ಎಂಬಂತೆ.

ಮನೆಯಂಗಳ ತಲುಪುವಾಗ ನೆರೆಮನೆಯ ಗುಲಾಬಕ್ಕ, ಆಚೆಮನೆಯ ದೇವು ಆಗಲೇ ನಿಂತಿದ್ದರು. ಬರುವ ನೆಂಟರನ್ನು ಇಡೀ ಕೇರಿಯ ಪರವಾಗಿ ಮೊದಲು ನೋಡುವುದು ಗುಲಾಬಕ್ಕನ ಹಕ್ಕು. ಶೆಟ್ರು ಸಂಗತಿ ಹೇಳಿದರು. ಪರೀಕ್ಷೆಗೆ ಮತ್ತೆ ಪದ್ಯ ಹಾಕಿದ್ದೂ ಆಯಿತು. 'ನಮ್ಮ...' ಟಕ್. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು, ಬಾಲ ಮಡಚಿ, ಹಿಂದಕ್ಕೆ ನೋಡದೆ ಹೋಯಿತು.

"ಈ ಕಾರ್ ಎಲ್ಲಿಂದ್ ತಂದದ್?" ಗುಲಾಬಕ್ಕ ಕೇಳಿದಳು.

"ಕೊಕ್ಕರ್ಣೆಯ ಒಬ್ರತ್ರ ತಕಂಡದ್."

"ಅವ್ರ್ ಎಂತಕ್ಕೆ ಮಾರಿದ್ರ್?"

"ಅದ್ ನಾ ಕೇಣ್ಲಿಲ್ಲೆ."

"ಕೇಣ್ಲಿಲ್ಲ್ಯಂಬ್ರ್!" ದೇವು ಎರಡು ಹೆಜ್ಜೆ ಹಿಂದೆ ಸರಿದ. "ಒಳ್ಗ್ ಕೂತ ಪೀಡೆ ಇನ್ನೂ ಇಳೀಲಿಲ್ಲೆ, ಕಾಣಿ."

ಪ್ರೇಮಾನಂದ ಉಲ್ಲಾಸನಿಗೆ ಫೋನು ಮಾಡಿದ. ಎಲ್ಲರೂ ಕೇಳಲಿ ಎಂದು ಫೋನಿನ ಸ್ಪೀಕರನ್ನೂ ಹಾಕಿದ. ಹೊಸ ಸ್ಪೀಕರಿನ ವೈರನ್ನು ಹಳೆಯದರ ಮಗ್ಗುಲಲ್ಲೇ ಸೇರಿಸಿದ್ದನ್ನು ಹೇಳಿದ ಕೂಡಲೇ ಉಲ್ಲಾಸ ನಕ್ಕ.

"ಅದ್ಕೇ ಮರಾಯಾ! ಒಂದೊಂದ್ ಸ್ಪೀಕರ್ ಕರೆಂಟಿಗ್ ಕೊಡೂ ತಡೆ ನಾಲ್ಕ್ ಓಮ್. ಮಗ್ಗುಲ್ ಮಗ್ಗುಲ್ ಹಾಕ್ರೆ ಇಳ್ದ್ ಎರಡೇ ಓಮ್ ಆತ್ತ್. ಕಮ್ಮಿ ಅಂದ್ರೂ ನಾಲ್ಕ್ ಓಮ್ ಇಲ್ದಿರೆ ನಿನ್ ಆಂಪ್ಲಿಫೈಯರ್ ತಡೂದಿಲ್ಲೆ. ಸ್ವರ ಏರ್ದ್ ಕೂಡ್ಲೆ ಜೀವ ಉಳ್ಸ್‌ಕಂಬುಕೆ ಬಾಯಿ ಮುಚ್ಚತ್ತ್."

"ಈಗ ಎಂತ ಮಾಡೂದ್?"

"ಒಂದ್ರ ಹಿಂದ್ ಒಂದ್ ಸಾಲಾಗಿ ಬರ್ಕ್. ಆಗ ಎಂಟ್ ಓಮ್ ಆತ್ತ್. ಸ್ವರ ಚೂರ್ ತಗ್ಗತ್ತ್, ಆರೆ ಕಡಿಯೂದಿಲ್ಲೆ. ನಾ ಬತ್ತೆ. ನೀ ಎಂತ ಮುಟ್ಬೇಡ."

ಫೋನು ಕಟ್ಟಾಯಿತು. ಗುಲಾಬಕ್ಕ ಎರಡೂ ಕೈ ಎತ್ತಿ ಮುಗಿದಳು.

"ಕೇಂಡ್ರ್ಯಾ? ಓಂ ಕಮ್ಮಿ ಆದದ್ದಂಬ್ರ್! ಎಂಟ್ ಓಂ ಬೇಕಂಬ್ರ್, ಒಬ್ರ ಹಿಂದ್ ಒಬ್ರ್ ಸಾಲಾಗಿ!"

"ಅಕ್ಕಾ, ಅದ್ ಆ ಓಂ ಅಲ್ದೇ, ಕರೆಂಟಿನ್..."

"ಓಂಕಾರಕ್ಕೆ ಆ ಓಂ, ಈ ಓಂ ಅಂದೇಳಿ ಇತ್ತಾ?" ಎಂದರು ಶೆಟ್ರು ಗಂಭೀರವಾಗಿ. ಪ್ರೇಮಾನಂದ ಬಾಯಿ ಮುಚ್ಚಿದ. ಸೋದರಮಾವನಿಗೆ ಎದುರಾಡಿದರೆ ಮೋಕ್ಷಿತಾ ಕೈತಪ್ಪುವುದು ಖಂಡಿತ.

ಸಾಲು ನಿಂತಿತು. ಕಾರು ಯಾರದೋ ಅವನೇ ಮುಂದೆ ನಿಲ್ಲಬೇಕೆಂದು ತೀರ್ಮಾನವಾಯಿತು. ಅವನ ಹಿಂದೆ ಶೆಟ್ರು, ಗುಲಾಬಕ್ಕ, ಕೊನೆಗೆ ಓಡುವುದಕ್ಕೆ ಅನುಕೂಲವಾಗಿ ದೇವು. ಎಂಟು ಓಂಕಾರ ಮುಗಿಸಿ ಪದ್ಯ ಹಾಕಿದರೆ ಮತ್ತೆ ಟಕ್.

"ನಿನ್ ಓಂ ಹೊಟ್ಟೆಯಿಂದ್ ಬತ್ತಿಲ್ಲೆ," ಎಂದಳು ಗುಲಾಬಕ್ಕ. "ಗಟ್ಟಿ ಹೇಳ್. ಹೆಣ್ ಬೇಕಾ ಬೇಡ್ದಾ?"

ಪ್ರೇಮಾನಂದ ಗಟ್ಟಿಯಾಗಿ ಹೇಳಿದ. ಇನ್ನೂ ಗಟ್ಟಿಯಾಗಿ ಹೇಳಿದ. ಎಂಟಾಯಿತು, ಮತ್ತೆ ಎಂಟಾಯಿತು, ಆಮೇಲೆ ಯಾರೂ ಎಣಿಸಲಿಲ್ಲ. ನಾಲ್ವರ ದನಿ ಒಂದಾಗಿ, ಕೊನೆಗೆ ಯಾರ ಬಾಯಿಂದ ಬರುತ್ತಿದೆ ಎಂದೇ ತಿಳಿಯದ ಒಂದು ಝೇಂಕಾರ ಅಂಗಳದಲ್ಲಿ ನಿಂತುಬಿಟ್ಟಿತು. ತೆಂಗಿನ ಗರಿ ಅಲುಗಲಿಲ್ಲ. ಕಾಗೆ ಕೂಗಲಿಲ್ಲ. ಕಾರು ಬಾಗಿಲು ತೆರೆದುಕೊಂಡು, ಯಾರದೋ ದಾರಿ ಕಾಯುವಂತೆ ನಿಂತಿತ್ತು.

ಉಲ್ಲಾಸ ಬಂದಾಗ ಎಲ್ಲರ ಕಣ್ಣೂ ಮುಚ್ಚಿತ್ತು. ಭಜನೆಗೆ ಅಡ್ಡಿ ಮಾಡುವುದು ಬೇಡವೆಂದು ಅವನು ಸದ್ದಿಲ್ಲದೆ ಕಾರಿನೊಳಗೆ ತೂರಿ, ವೈರು ಬಿಚ್ಚಿ, ಒಂದು ಸ್ಪೀಕರಿನ ಬಾಲಕ್ಕೆ ಇನ್ನೊಂದರ ತಲೆಯನ್ನು ಕಟ್ಟಿದ. ಆಮೇಲೆ ಪರೀಕ್ಷೆಗೆಂದು ಗುಂಡಿ ಒತ್ತಿದ.

'...ಬಾರದಿಹನೇ ನಮ್ಮ ಮಾಧವನು!'

ದನಿ ತಗ್ಗಿತ್ತು, ಆದರೆ ಹೆಸರು ಇಡಿಯಾಗಿ ಬಂತು. ಶೆಟ್ರ ಕೈಯ ರೋಮ ನಿಮಿರಿತು. ಗುಲಾಬಕ್ಕ ಅತ್ತೇಬಿಟ್ಟಳು.

"ವೈರ್ ಸಮಾ ಮಾಡ್ದೆ," ಎಂದು ಒಳಗಿನಿಂದ ತಲೆ ಹಾಕಿದ ಉಲ್ಲಾಸನನ್ನು ಯಾರೂ ಗಮನಿಸಲಿಲ್ಲ.

"ಬಿಟ್ಟ್ ಹೋಯ್ತ್!" ಎಂದ ದೇವು.

ಶೆಟ್ರು ತಲೆಯಾಡಿಸಲು ಹೊರಟವರು ಅರ್ಧಕ್ಕೆ ನಿಲ್ಲಿಸಿದರು. "ಬಿಟ್ಟದ್ ಸಮ. ಎಲ್ಲಿಗ್ ಹೋಯ್ತ್?"

ಗುಲಾಬಕ್ಕ ಸಾಲನ್ನು ಮೇಲಿನಿಂದ ಕೆಳಗೆ ನೋಡಿದಳು. ಕಾರಿನ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ, ಬಾಯಿ ತೆರೆದು ನಿಂತಿದ್ದವನು ಒಬ್ಬನೇ.

"ಆ ಪದ್ಯ ಒಂಚೂರ್ ಹೇಳ್ ಕಾಂಬ, ಮಗಾ," ಎಂದರು ಶೆಟ್ರು.

ಇದೇನು ಮಹಾ ಕಷ್ಟ ಎಂದು ಪ್ರೇಮಾನಂದ ಶುರುಮಾಡಿದ. ಕೆಳಸ್ವರದಲ್ಲಿ ಕಡಲ ತಡಿ ಬಂತು, ಒಡಲ ನೋವು ಬಂತು. ಸ್ವರ ಏರಿಸಿದ. 'ಬಾರದಿಹನೇ ನಮ್ಮ...'

ಅಷ್ಟೇ. ಇಷ್ಟು ಹೊತ್ತು ಓಂ ಕೂಗಿ ಹರಿದ ಗಂಟಲು ಅಲ್ಲಿಗೆ ಕೈಕೊಟ್ಟಿತು. ತಣ್ಣನೆಯ ಎರಡು ಬೆರಳು ಕೊರಳನ್ನು ಒತ್ತಿದಂತಾಯಿತು. ತುಟಿ ಆಡಿತು, ಗಾಳಿ ಹೊರಟಿತು, ಹೆಸರು ಬರಲಿಲ್ಲ. ತುಸು ಹೊತ್ತಿನ ಮೇಲೆ, ಬಾವಿಯ ತಳದಿಂದೆಂಬಂತೆ, ಅವನಿಗೇ ಗುರುತಾಗದ ದನಿಯಲ್ಲಿ ಬಾಲ ಮಾತ್ರ ಬಂತು: '...ನು.'

ಗುಲಾಬಕ್ಕ ಸೆರಗು ಬಾಯಿಗೊತ್ತಿಕೊಂಡಳು. ದೇವು ಅಷ್ಟರಲ್ಲಿ ಗೇಟಿನ ಆಚೆ ಇದ್ದ.

ಶೆಟ್ರು ಚಪ್ಪಲಿ ಮೆಟ್ಟಿ, ಯಾರ ಮುಖವನ್ನೂ ನೋಡದೆ ಕೇಳಿದರು: "ಇಲ್ಲಿಂದ ಸ್ಟೇಷನ್ನಿಗೆ ರಿಕ್ಷಾ ಸಿಕ್ಕತ್ತಾ?"

ಪ್ರೇಮಾನಂದ 'ಮಾವಾ' ಎಂದು ಕೂಗಲು ಬಾಯಿ ತೆರೆದ. ಅವನ ಬೆನ್ನ ಹಿಂದೆ ಕಾರು ಮಾತ್ರ ಒಂದು ಸಲವೂ ಕಡಿಯದೆ, ಮೆಲುದನಿಯಲ್ಲಿ, ಮಾಧವನನ್ನು ಕರೆಯುತ್ತಲೇ ಇತ್ತು.