ತಂದೆಯ ಉದ್ಯೋಗದ ಕಾಲಂ

ಮನುಷ್ಯ ಎಷ್ಟೇ ಜನರ ನಡುವೆ ಬೆರೆತು ಬಾಳಿದರೂ ಅವನೊಳಗೆ ಬೇರೆಯವರ ಕಣ್ಣು ಬೀಳದ ಒಂದು ಕೋಣೆ ಇರಬೇಕು, ಆ ಕೋಣೆಗೆ ಸರ್ಕಾರವಾಗಲಿ ಸಂಸಾರವಾಗಲಿ ಕೇಳದೆ ಕಾಲಿಡಬಾರದು, ನಾಗರಿಕತೆ ನಿಂತಿರುವುದೇ ಈ ತಳಹದಿಯ ಮೇಲೆ ಎಂದು ನಾನು ಬಹುಕಾಲದಿಂದ ನಂಬಿಕೊಂಡು ಬಂದವನು. ಹೋದ ತಿಂಗಳು ನನ್ನ ಆ ಕೋಣೆಯ ಐದು ಜೆರಾಕ್ಸ್ ಪ್ರತಿಗಳು ಕೊಡ್ಲಿಪೇಟೆ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಂದರ ಹಿಂದೊಂದು ಬಿಸಿಬಿಸಿಯಾಗಿ ಹೊರಬಂದವು.

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದು ನಿವೃತ್ತನಾದವನು. ಬೆಳಿಗ್ಗೆ ಆಳುಗಳ ಲೈನ್ ಮನೆಗಳಿಂದ ಎಷ್ಟು ಜನ ಕೆಲಸಕ್ಕೆ ಬಂದರು, ಯಾರು ಚಿಗುರು ತೆಗೆದರು, ಯಾರು ಹಣ್ಣು ಕೊಯ್ದರು, ಯಾರು ಹೊಟ್ಟೆನೋವೆಂದು ಮಲಗಿದರು, ಆ ಹೊಟ್ಟೆನೋವು ನಿಜವೋ ಸುಳ್ಳೋ, ಇವನ್ನೆಲ್ಲ ಹಾಜರಿ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಪರರ ಗೈರುಹಾಜರಿಯನ್ನು ಕೆಂಪು ಶಾಯಿಯಲ್ಲಿ ಗುರುತಿಸಿದೆ. ನನ್ನ ಗೈರುಹಾಜರಿಯನ್ನೂ ಒಬ್ಬರು ಎಲ್ಲೋ ಗುರುತಿಸಿಟ್ಟಿದ್ದಾರೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಕಥೆ ಶುರುವಾದದ್ದು ನನ್ನ ಮಗಳು ಸುಮನಳಿಂದ. ಅವಳು ಪೊನ್ನಂಪೇಟೆಯ ಕಡೆ ಒಂದು ಶಾಲೆಯಲ್ಲಿ ಆಟದ ಟೀಚರ್. ಮಕ್ಕಳ ಹಾಕಿ ತಂಡವನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುವ ಅವಕಾಶ ಬಂದಿತ್ತು. ಅದಕ್ಕೆ ಪಾಸ್‌ಪೋರ್ಟ್ ಬೇಕಾಗಿತ್ತು. ಅವಳ ಆಧಾರ್ ಕಾರ್ಡಿನಲ್ಲಿ ಒಂದು ಹುಟ್ಟಿದ ತಾರೀಖು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದೆಂದು ನಾನೇ ಅವಳನ್ನು ನಾಲ್ಕು ತಿಂಗಳು ಮುಂಚಿತವಾಗಿ ಹುಟ್ಟಿಸಿದ್ದೆ. ಆದ್ದರಿಂದ ಎಲ್ಲಕ್ಕೂ ಮೂಲವಾದ ಜನನ ಪ್ರಮಾಣಪತ್ರವನ್ನು ತಂದುಕೊಡುವ ಹೊಣೆಯೂ ನನ್ನ ಮೇಲೆಯೇ ಬಿತ್ತು.

ಸುಮನ ಹುಟ್ಟಿದ್ದು ನನ್ನ ಹೆಂಡತಿ ಲೀಲಾವತಿಯ ತವರಾದ ಕರಿಕೆಯಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಮ್ಮಲ್ಲಿ ಪದ್ಧತಿ. ಆ ಪದ್ಧತಿಗೆ ಇನ್ನೊಂದು ಬಾಲವುಂಟು: ಮಗು ಹುಟ್ಟಿದ ಸುದ್ದಿಯನ್ನು ಸರ್ಕಾರಕ್ಕೆ ತಿಳಿಸುವವನು ಮಗುವಿನ ತಂದೆಯಲ್ಲ, ತಾಯಿಯ ತಂದೆ. ಅಂದರೆ ಅಳಿಯನ ಸಮಸ್ತ ವಿವರಗಳನ್ನು ಅಳಿಯನಿಲ್ಲದಾಗ ಮಾವ ಬರೆಸುತ್ತಾನೆ. ಇಂಥ ಏರ್ಪಾಟಿನಲ್ಲಿ ಎಷ್ಟು ಅಪಾಯ ಅಡಗಿದೆ ಎಂದು ಕೊಡಗಿನ ಅಳಿಯಂದಿರು ಈವರೆಗೆ ಒಂದು ಸಭೆ ಸೇರಿ ಚರ್ಚಿಸದಿರುವುದು ನನಗೆ ಆಶ್ಚರ್ಯ. ಆ ಕಾಲದ ರಿಜಿಸ್ಟರುಗಳೆಲ್ಲ ಈಗ ಒಂದು ಕಚೇರಿಗೆ ಬಂದು ಸೇರಿವೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿಯ ಗುಮಾಸ್ತ ಒಳ್ಳೆಯ ಹುಡುಗ. ಅವನು ಮೂರು ದಿನ ಹುಡುಕಿ, ಧೂಳು ಕೊಡವಿ, ಸೀನಿ, ಕೊನೆಗೆ ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಒಪ್ಪಿಸಿದ.

"ರಿಜಿಸ್ಟರಲ್ಲಿ ಏನೇನಿತ್ತೋ ಅಷ್ಟೂ ಟೈಪ್ ಮಾಡಿದೀನಿ ಸಾರ್. ಒಂದಕ್ಷರ ಬಿಟ್ಟಿಲ್ಲ," ಎಂದ.

ನಾನು ಅವನಿಗೆ ಎರಡು ಸಲ ಥ್ಯಾಂಕ್ಸ್ ಹೇಳಿ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರಿಂದ ಓದದೆ ಮಡಚಿ, ನೇರವಾಗಿ ಉಸ್ಮಾನನ ಜೆರಾಕ್ಸ್ ಅಂಗಡಿಗೆ ಹೋದೆ. ಉಸ್ಮಾನ್ ತನ್ನ ಮೆಷಿನ್ನಿಗೆ ಹಾಕುವ ಪ್ರತಿಯೊಂದು ಕಾಗದವನ್ನೂ ಓದುತ್ತಾನೆ. ಕೊಡ್ಲಿಪೇಟೆಯ ಅರ್ಧ ಜನರ ಪಹಣಿ, ಮಾರ್ಕ್ಸ್ ಕಾರ್ಡು, ರಕ್ತದ ರಿಪೋರ್ಟು ಅವನಿಗೆ ಬಾಯಿಪಾಠ. ಅಂದು ಅಂಗಡಿಯಲ್ಲಿ ಬೇರೆ ನಾಲ್ಕು ಜನ ಕಾದು ನಿಂತಿದ್ದರು. ಮೆಷಿನ್ನಿನಿಂದ ಐದನೇ ಪ್ರತಿ ಹೊರಬರುವಾಗ ಉಸ್ಮಾನ್ ಮೊದಲನೆಯದನ್ನು ಓದಿ ಮುಗಿಸಿದ್ದ.

"ಅಲ್ಲಾ ರೈಟ್ರೇ, ಇದೇನಿದು?"

"ಏನು?"

"ತಂದೆಯ ವಿದ್ಯಾಭ್ಯಾಸ: ಪಿ.ಯು.ಸಿ. ತನಕ. ಸರಿ, ಅದಿರ್ಲಿ. ತಂದೆಯ ಉದ್ಯೋಗ: ಇಲ್ಲ. ಆಮೇಲೆ ಬ್ರಾಕೆಟ್ಟಲ್ಲಿ, 'ಇದೆಯೆಂದು ಹೇಳುತ್ತಾರೆ'."

ಕಾದು ನಿಂತಿದ್ದ ನಾಲ್ವರೂ ತಮ್ಮ ತಮ್ಮ ಕಾಗದಗಳನ್ನು ಮರೆತು ನನ್ನ ಮುಖ ನೋಡಿದರು. ಅವರಲ್ಲಿ ಒಬ್ಬ, ನನ್ನ ಕೈಕೆಳಗೆ ಹತ್ತು ವರ್ಷ ಕೆಲಸ ಮಾಡಿದವನು, ಬಹಳ ಗೌರವದಿಂದ ಕೇಳಿದ: "ಈಗ ಇದೆಯಾ ಸಾರ್?"

ಐದು ಪ್ರತಿಗಳನ್ನೂ ಮೂಲವನ್ನೂ ಕಿತ್ತುಕೊಂಡು ಮನೆಗೆ ಬಂದೆ. ನನ್ನನ್ನು ತಲ್ಲಣಗೊಳಿಸಿದ್ದು ಆ ಸಾಲಿನಲ್ಲಿದ್ದ ಸುಳ್ಳಲ್ಲ. ಅದು ಅಕ್ಷರಶಃ ನಿಜವಾಗಿತ್ತು, ಮತ್ತು ಆ ನಿಜ ಈ ಭೂಮಿಯ ಮೇಲೆ ನನ್ನೊಬ್ಬನಿಗೆ ಮಾತ್ರ ಗೊತ್ತು ಎಂದು ಮೂವತ್ತು ವರ್ಷದಿಂದ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ನಡೆದದ್ದು ಇಷ್ಟು. ಆಗ ನಾನಿದ್ದ ಎಸ್ಟೇಟಿನ ಮ್ಯಾನೇಜರರು ಒಂದು ದಿನ ತಮ್ಮ ನಾಯಿಗೆ ಸ್ನಾನ ಮಾಡಿಸಲು ಇಬ್ಬರು ಆಳುಗಳನ್ನು ಬಂಗಲೆಗೆ ಕರೆಸಿಕೊಂಡರು. ಸಂಜೆ ಹಾಜರಿ ಬರೆಯುವಾಗ ಕೆಲಸದ ವಿವರದ ಕಾಲಂನಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ 'ನಾಯಿ ಸ್ನಾನ, ಇಬ್ಬರು' ಎಂದು ಬರೆದೆ. ಮಾಲೀಕರು ಆ ಪುಸ್ತಕವನ್ನು ತಿಂಗಳಿಗೊಮ್ಮೆ ನೋಡುತ್ತಿದ್ದರು. ಅವರು ನೋಡಿದ ವಾರದಲ್ಲೇ ಮ್ಯಾನೇಜರರು ನನ್ನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದರು. ಲೀಲಾವತಿಯ ಸೀಮಂತ ಮುಗಿದು, ಅವಳು ಕರಿಕೆಗೆ ಹೋಗಿ ಆಗ ಹದಿನೈದು ದಿನವಾಗಿತ್ತು. ಬಸುರಿ ಹೆಂಡತಿಗೆ ಇಂಥ ಸುದ್ದಿ ಬರೆಯುವುದು ಹೇಗೆ? ಬರೆಯಲಿಲ್ಲ. ಬದಲಿಗೆ ಐದು ತಿಂಗಳು, ವಾರಕ್ಕೊಂದರಂತೆ, ಇಲ್ಲದ ಎಸ್ಟೇಟ್ ಕೆಲಸದ ಬಗ್ಗೆ ಇನ್‌ಲ್ಯಾಂಡ್ ಕಾಗದಗಳನ್ನು ಬರೆದೆ. ಹಣ್ಣು ಈ ವರ್ಷ ಚೆನ್ನಾಗಿದೆ, ಪಿಕ್ಕಿಂಗಿಗೆ ಜನ ಸಾಲದು, ರಜೆ ಸಿಗುವುದಿಲ್ಲ ಎಂದೆಲ್ಲ. ಎಸ್ಟೇಟಿಗೆ ಬರುವ ನನ್ನ ಟಪಾಲನ್ನು ಪೇಟೆಯಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಮುಟ್ಟಿಸಲು ಪೋಸ್ಟ್‌ಮ್ಯಾನ್ ಒಪ್ಪಿದ್ದ. ಅವಳು ಮಗುವನ್ನೆತ್ತಿಕೊಂಡು ಬರುವ ಹತ್ತು ದಿನ ಮುಂಚೆ ಬೇರೆ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು. 'ಒಳ್ಳೆಯ ಕಡೆ ಕರೆದರು, ಬಂದೆ' ಎಂದೆ. ಅವಳು ನಂಬಿದಳು. ಹೀಗೆ ನನ್ನ ಜೀವನ ಚರಿತ್ರೆಯಿಂದ ಐದು ತಿಂಗಳನ್ನು ಸದ್ದಿಲ್ಲದೆ ತೆಗೆದುಹಾಕಿದ್ದೆ.

ಈಗ ಸರ್ಕಾರ ಅದನ್ನು ಸೀಲು ಹಾಕಿ ವಾಪಸ್ಸು ಕೊಟ್ಟಿತ್ತು.

ಆ ಸಂಜೆ ಹಾಳೆಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಓದಿದಂತೆಲ್ಲ ಸಿಟ್ಟು ಏರಿತು. ಹುಟ್ಟಿದವಳು ಮಗಳು. ಅವಳ ಬಗ್ಗೆ, ತಾರೀಖು ಬಿಟ್ಟರೆ, ಇದ್ದದ್ದು ಎರಡು ಸಾಲು: ಹೆಣ್ಣು, ಬೆಳಿಗ್ಗೆ. ಉಳಿದದ್ದೆಲ್ಲ ನಮ್ಮಿಬ್ಬರದು. ತಾಯಿಗೆ ಮದುವೆಯಾದಾಗ ಎಷ್ಟು ವಯಸ್ಸು, ಹೆತ್ತಾಗ ಎಷ್ಟು, ಓದಿದ್ದೆಷ್ಟು. ತಂದೆಯ ಧರ್ಮ ಯಾವುದು, ದುಡಿಮೆ ಯಾವುದು. ಒಂದು ಕೂಸು ತಾನು ಹುಟ್ಟಿದ್ದೇನೆ ಎಂದು ತೋರಿಸಲು ಅಪ್ಪನ ಮರ್ಯಾದೆಯನ್ನು ಕೈಯಲ್ಲಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯಬೇಕೆ? ಪರರ ಹೊಟ್ಟೆನೋವನ್ನು ನಾನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಾಗ ಇಂಥ ಗಹನವಾದ ಪ್ರಶ್ನೆ ನನಗೆ ಒಮ್ಮೆಯೂ ಎದುರಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಸುಮನಳ ಫೋನ್ ಬಂತು. "ಸಿಕ್ತಾ ಅಪ್ಪ? ಒಂದು ಫೋಟೋ ತೆಗ್ದು ವಾಟ್ಸಾಪ್ ಮಾಡಿ."

"ಅದರಲ್ಲಿ ವೈಯಕ್ತಿಕ ಮಾಹಿತಿ ಇದೆ. ಹಾಗೆಲ್ಲ ಕಳಿಸಬಾರದು."

"ನಾನು ಹುಟ್ಟಿದ್ದು ನಂಗೇ ಗೊತ್ತಾಗ್ಬಾರ್ದಾ?"

"ಒಂದು ತಪ್ಪಿದೆ. ತಿದ್ದಿಸಿ ಕೊಡುತ್ತೇನೆ," ಎಂದು ಫೋನಿಟ್ಟೆ. ಅಡುಗೆಮನೆ ಬಾಗಿಲಲ್ಲಿ ಲೀಲಾವತಿ ನಿಂತಿದ್ದಳು. "ಎಂಥ ತಪ್ಪು ಉಟ್ಟು ಅದ್ರಲ್ಲಿ?" ಎಂದಳು. ಕೊಡ್ಲಿಪೇಟೆಗೆ ಬಂದು ಇಷ್ಟು ವರ್ಷವಾದರೂ ಅನುಮಾನ ಬಂದಾಗ ಅವಳಿಗೆ ಕರಿಕೆಯ ಅರೆಭಾಷೆಯೇ ಬಾಯಿಗೆ ಬರುತ್ತದೆ, 'ಇದೆ' ಎಂಬುದು 'ಉಟ್ಟು' ಆಗುತ್ತದೆ. "ಸಣ್ಣದು," ಎಂದೆ. ಆ ಹಾಳೆಯನ್ನು ಹಳೆಯ ಪಂಚಾಂಗದೊಳಗಿಟ್ಟು, ಪಂಚಾಂಗವನ್ನು ಹಾಸಿಗೆಯ ಕೆಳಗಿಟ್ಟು, ರಾತ್ರಿಯಿಡೀ ಅದರ ಮೇಲೆ ಕಾವು ಕೂತ ಕೋಳಿಯಂತೆ ಮಲಗಿದೆ.

ಗುಮಾಸ್ತನ ಬಳಿಗೆ ಓಡಿದೆ. ತಿದ್ದುಪಡಿಗೆ ಅರ್ಜಿ ಕೊಟ್ಟೆ. ಅವನು ಓದಿ, "ಆಗ ಕೆಲಸದಲ್ಲಿದ್ರಿ ಅನ್ನೋಕೆ ದಾಖಲೆ ಇದೆಯಾ ಸಾರ್?" ಎಂದ. ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. "ಹಾಗಾದ್ರೆ ಮಾಹಿತಿ ಕೊಟ್ಟವ್ರೇ ತಪ್ಪಾಗಿ ಬರೆಸಿದ್ದೆ ಅಂತ ಸಹಿ ಮಾಡ್ಬೇಕು. ಅವ್ರು ಇದಾರಾ?"

ಇದ್ದರು. ನಮ್ಮ ಮಾವ, ಎಂಬತ್ತೆಂಟು ವರ್ಷ, ಕರಿಕೆಯಲ್ಲಿ ಮಕ್ಕಳು ಮೊಮ್ಮಕ್ಕಳ ನಡುವೆ ಈಗಲೂ ದಿನಕ್ಕೆರಡು ಸಲ ಇಡೀ ತೋಟ ಸುತ್ತಿ ಎಲ್ಲರಿಗೂ ಬೈದು ಬರುವವರು.

ಒಬ್ಬನೇ ಹೋಗಿ ಬರುವ ಯೋಚನೆ ನನ್ನದು. ಆದರೆ ಸುಮನ ಭಾನುವಾರ ಮಡಿಕೇರಿಯಲ್ಲಿ ನಮ್ಮ ಬಸ್ಸಿಗೆ ಹತ್ತುತ್ತೇನೆ, ಅಜ್ಜನನ್ನು ನೋಡಿ ಬಹಳ ದಿನವಾಯಿತು ಎಂದಳು. ನಮ್ಮ ಎಂಬ ಮಾತು ಕೇಳಿದಾಗಲೇ ಲೀಲಾವತಿಯೂ ಹೊರಟಿದ್ದಾಳೆಂದು ನನಗೆ ತಿಳಿದದ್ದು. ಕೊಡ್ಲಿಪೇಟೆಯಿಂದ ಕರಿಕೆಗೆ ಹೋಗುವುದೆಂದರೆ ಕೊಡಗನ್ನು ಈ ತುದಿಯಿಂದ ಆ ತುದಿಗೆ ಅಳೆದ ಹಾಗೆ. ಭಾಗಮಂಡಲ ದಾಟಿ ಕೆಳಗಿಳಿಯುವ ತಿರುವುಗಳಲ್ಲಿ ನನ್ನ ಹೊಟ್ಟೆ ತೊಳಸಿತು. ತಿರುವುಗಳು ಕಾರಣ ಎಂದು ಹೆಂಡತಿ ಲಿಂಬೆಹಣ್ಣು ಕೊಟ್ಟಳು. ಅವಳ ಆ ದಯೆಯೇ ನನ್ನನ್ನು ಇನ್ನಷ್ಟು ತೊಳಸಿತು.

ಮನೆ ಮುಟ್ಟಿದ ಮೇಲೆ ಲೀಲಾವತಿ ಒಳಗೆ ಹೋದಳು. ಇದೇ ಸಮಯವೆಂದು ಜಗಲಿಯಲ್ಲಿ ಕೂತಿದ್ದ ಮಾವನ ಮುಂದೆ ತಿದ್ದುಪಡಿಯ ಕಾಗದವಿಟ್ಟು, ಪೆನ್ನಿನ ಮುಚ್ಚಳ ತೆಗೆದು, "ಇಲ್ಲೊಂದು ಸಹಿ ಮಾವ," ಎಂದು ಮೆಲ್ಲಗೆ ಹೇಳಿದೆ. ಮಾವ ನನ್ನೊಡನೆ ಮಾತಾಡುವಾಗ ಅರೆಭಾಷೆಗೆ ಒಂದಿಷ್ಟು ಪೇಟೆ ಕನ್ನಡ ಸೇರಿಸುತ್ತಾರೆ. ಅಳಿಯನಿಗೆ ಅದು ಮರ್ಯಾದೆ. ಆದರೆ 'ಆಗುವುದಿಲ್ಲ' ಎಂಬುದು ಮಾತ್ರ 'ಆಕಿಲೆ'ಯಾಗಿಯೇ ಉಳಿಯುತ್ತದೆ.

"ಓದದೆ ನಾ ಸೈನ್ ಹಾಕಿಕೆ ಆಕಿಲೆ. ನಂಗೆ ಇಷ್ಟು ಸಣ್ಣ ಅಕ್ಷರ ಓದಿಕೂ ಆಕಿಲೆ. ಏ ಗೂಡೆ, ಬಾ ಇಲ್ಲಿ, ಓದು," ಎಂದು ಮೊಮ್ಮಗಳನ್ನು ಕರೆದರು.

ಮೈದಾನದ ಆಚೆ ತುದಿಗೆ ಕೇಳುವಂತೆ ಕೂಗಿ ಅಭ್ಯಾಸವಿರುವವಳು ಆಟದ ಟೀಚರ್. ಅವಳು ಮೊದಲ ಸಾಲಿನಿಂದಲೇ ಶುರು ಮಾಡಿದಳು. 'ತಂದೆಯ ಉದ್ಯೋಗ' ಎಂಬಲ್ಲಿಗೆ ಬರುವಾಗ ಲೀಲಾವತಿ ಕಾಫಿ ತಟ್ಟೆ ಹಿಡಿದು ಬಾಗಿಲು ದಾಟುತ್ತಿದ್ದಳು. 'ಇಲ್ಲ' ಎಂಬಲ್ಲಿ ನಿಂತಳು. 'ಇದೆಯೆಂದು ಹೇಳುತ್ತಾರೆ' ಎಂಬಲ್ಲಿ ತಟ್ಟೆಯನ್ನು ನೆಲಕ್ಕಿಟ್ಟಳು.

"ಇದು ತಪ್ಪೂಂತ ಸೈನ್ ಹಾಕಬೇಕಾ? ಇದ್ರಲ್ಲಿ ತಪ್ಪು ಎಲ್ಲಿ ಉಟ್ಟು?" ಎಂದರು ಮಾವ, ನಿಜವಾಗಿಯೂ ಆಶ್ಚರ್ಯದಿಂದ. "ಕೂಸು ಹುಟ್ಟಿದ ಮಾರನೆ ದಿನ ಸುದ್ದಿ ಹೇಳಿಕೆ ನಾನೇ ನಿಮ್ಮ ಎಸ್ಟೇಟಿಗೆ ಬಂದಿದ್ದೆ. ಆ ರೈಟರ್ ಇಲ್ಲಿ ಇಲ್ಲೆ, ಬಿಟ್ಟು ಎರಡು ತಿಂಗಳಾತ್ ಅಂದ್ರು. ವಾಪಸ್ ಬರುವಾಗ ಪೇಟೇಲಿ ನೋಡ್ದೆ. ಲೈಬ್ರರಿ ಜಗಲೀಲಿ ಕೂತು ನೀವು ಪೇಪರ್ ಓದ್ತಾ ಇದ್ರಿ."

"ಕರೆಯಬಹುದಿತ್ತಲ್ಲ ಮಾವ..."

"ಕರೆದ್ರೆ ನೀವು ಎಂಥ ಹೇಳ್ತಿದ್ರಿ?"

ನಾನು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದೆ. ಮಾವ ಮುಂದುವರಿಸಿದರು:

"ಮನೆಗೆ ಬಂದು ಲೀಲಂಗೆ ಹೇಳ್ದೆ, ಅಳಿಯಂಗೆ ಕೆಲ್ಸ ಜಾಸ್ತಿ ಉಟ್ಟು, ರಜೆ ಇಲ್ಲೆ ಅಂತ. ಸುದ್ದಿನ ಎಸ್ಟೇಟ್ ವಿಳಾಸಕ್ಕೇ ಕಾಗದ ಹಾಕ್ದೆ. ಆಮೇಲೆ ಜನನ ಬರೆಸುವಾಗ ಶಾನುಭೋಗ್ರು ತಂದೆಗೆ ಕೆಲ್ಸ ಎಂಥ ಅಂತ ಕೇಳ್ದ್ರು. ಬಾಣಂತಿಗೆ ನಿಜ ಹೇಳಿಕೆ ಆಕಿಲೆ. ಸರ್ಕಾರಕ್ಕೆ ಸುಳ್ಳು ಹೇಳಿಕೆ ಆಕಿಲೆ. ನಿಮ್ಮ ಮಾತನ್ನೂ ತೆಗೆದು ಹಾಕಬಾರ್ದಲ್ಲ ಅಂತ ಅದನ್ನೂ ಪಕ್ಕದಲ್ಲಿ ಬರೆಸ್ದೆ." ಮಾವ ಕಾಫಿ ಲೋಟವನ್ನು ತಾವೇ ಬಗ್ಗಿ ಎತ್ತಿಕೊಂಡರು. "ಸರ್ಕಾರ ಬಿಟ್ಟು ಬೇರೆ ಯಾರಿಗೂ ಇವತ್ತಿನವರೆಗೆ ಹೇಳಿಲ್ಲೆ."

ಸುಮನ ಕಾಗದದ ಮರೆಯಲ್ಲಿ ನಗುತ್ತಿದ್ದಳೋ ಏನೋ, ಕಾಗದ ನಡುಗುತ್ತಿತ್ತು. ಲೀಲಾವತಿ ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

"ಹಾಗಾದ್ರೆ ಪಳನಿ?"

"ಯಾವ ಪಳನಿ?"

"ಮೆಣಸು ಕೊಯ್ಯೋಕೆ ಹತ್ತಿ ಸಿಲ್ವರ್ ಮರದಿಂದ ಬಿದ್ದು ಕಾಲು ಮುರ್ಕೊಂಡ ಪಳನಿ ರೀ. ಮೂರು ಚಿಕ್ಕ ಮಕ್ಕಳು, ಹೆಂಡ್ತಿಗೆ ಮೈ ಸರಿಯಿಲ್ಲ ಅಂತ ಕಾಗದ ತುಂಬಾ ಬರ್ದಿದ್ರಿ. ನಾನು ಅತ್ತಿದ್ದೆ. ಅವನ ಕಾಲು ಕೂಡ್ಲಿ ಅಂತ ಭಾಗಮಂಡಲಕ್ಕೆ ಹರಕೆ ಹೊತ್ತಿದ್ದೆ!"

ಒಂದು ವಾರ ಬರೆಯಲು ಏನೂ ಹೊಳೆಯದೆ ಪಳನಿಯನ್ನು ಮರದಿಂದ ಬೀಳಿಸಿದ್ದೆ. ಮುಂದಿನ ವಾರವೂ ಹೊಳೆಯದೆ ಅವನನ್ನು ಗುಣಪಡಿಸಿದ್ದೆ. ಆ ಕಾಗದವನ್ನು ನಂಬಿ ಅವಳು ಹಸುಗೂಸನ್ನೆತ್ತಿಕೊಂಡು ಹೋಗಿ, ಹುಟ್ಟದೇ ಇದ್ದವನ ಕಾಲಿಗಾಗಿ ದೇವರಿಗೆ ಹಣ್ಣುಕಾಯಿ ಮಾಡಿಸಿ ಬಂದಿದ್ದಳು. ಇದು ನನಗೆ ಆ ದಿನದ ಅತಿ ದೊಡ್ಡ ಆಘಾತ. ಇದಕ್ಕಿಂತ ಉದ್ಯೋಗದ ಕಾಲಂ ಸಾವಿರ ಪಾಲು ಮೇಲು ಅನ್ನಿಸಿತು.

"ಅಪ್ಪಂಗೆ ಗೊತ್ತಿತ್ತು. ಸರ್ಕಾರಕ್ಕೆ ಗೊತ್ತಿತ್ತು. ಮೊನ್ನೆ ಆ ಜೆರಾಕ್ಸ್ ಉಸ್ಮಾನ್ ನನ್ನ ನೋಡಿ ಯಾಕೆ ನಕ್ಕ ಅಂತ ಈಗ ತಿಳೀತು. ನಂಗೊಬ್ಳಿಗೆ ಗೊತ್ತಾಗ್ಬಾರ್ದು. ಇದೇನಾ ನಿಮ್ಮ ವೈಯಕ್ತಿಕ ಮಾಹಿತಿ?"

ಉತ್ತರವಾಗಿ ಹೇಳಲು ಖಾಸಗಿತನದ ಬಗ್ಗೆ ನಾನು ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ಗಂಭೀರವಾದ ಒಂದು ಭಾಷಣವಿತ್ತು. ಅದನ್ನು ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು ಕೆಲಸ ಕಳೆದುಕೊಂಡವನು ನಾನು. ಇದ್ದದ್ದನ್ನು ಇದ್ದ ಹಾಗೆ ಬರೆಸಿದ ಮಾವನ ಮೇಲೆ ಸಿಟ್ಟಾಗುವ ಹಕ್ಕೂ ನನಗಿರಲಿಲ್ಲ. ಐದು ತಿಂಗಳ ಲೆಕ್ಕವನ್ನು ಅವಳಿಗೆ ಅಲ್ಲೇ ಜಗಲಿಯಲ್ಲಿ, ಮಾವನ ಎದುರು, ಮಗಳ ಎದುರು, ನಾಯಿಯ ಸ್ನಾನದಿಂದ ಹಿಡಿದು ಒಪ್ಪಿಸಿದೆ. ಕಾಫಿ ಆರಿ ಕೆನೆ ಕಟ್ಟಿತು. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ತಿರುವುಗಳು ಬಂದವು; ಲಿಂಬೆಹಣ್ಣು ಬರಲಿಲ್ಲ.

ಮಾವ ಸಹಿ ಹಾಕಲಿಲ್ಲ. ಸುಮನ ಮರುವಾರ ಕಚೇರಿಗೆ ಹೋಗಿ ವಿಚಾರಿಸಿದಳು. ತಂದೆ ತಾಯಿಯ ಓದು, ಉದ್ಯೋಗ, ವಯಸ್ಸು ಇವು ಯಾವುವನ್ನೂ ಪ್ರಮಾಣಪತ್ರದಲ್ಲಿ ಹಾಕಬೇಕಾಗಿಯೇ ಇಲ್ಲವಂತೆ; ಗುಮಾಸ್ತ ಹೊಸಬನಾದ್ದರಿಂದ ಅಷ್ಟನ್ನೂ ಟೈಪ್ ಮಾಡಿದ್ದನಂತೆ. ಬರಿಯ ಹೆಸರು, ತಾರೀಖು, ವಿಳಾಸಗಳಿರುವ ಹೊಸ ಪ್ರಮಾಣಪತ್ರ ಹತ್ತು ದಿನದಲ್ಲಿ ಬಂತು. ಹಳೆಯದನ್ನು ನನ್ನ ಹೆಂಡತಿ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾಳೆ.