ಸಾಲವಿಲ್ಲದವರ ಕಾರು

ಕಾರು ಕೊಳ್ಳಲು ಹೋಗುವಾಗ ಬಾಮೈದನನ್ನು ಜೊತೆಗೆ ಕರೆದುಕೊಂಡು ಹೋದರಲ್ಲ, ರಿಪೇರಿ ರಾಯರು ಎಡವಿದ್ದು ಅಲ್ಲೇ.

ರಾಯರು ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ಗಿರಾಕಿಗಳ ಮನೆಯಿಂದ ಕೆಟ್ಟ ಮೆಷಿನ್ ತರುವಾಗ ಸ್ಕೂಟರಿನ ಹಿಂದೆ ಹೆಂಡತಿ, ಆಕೆಯ ತೊಡೆಯ ಮೇಲೆ ಮೆಷಿನ್. ಹೀಗೇ ವರ್ಷಗಟ್ಟಲೆ ನಡೆದು ಆಕೆಯ ಮಂಡಿ ಈಗ ಮೆಷಿನ್ನಿಗಿಂತ ಹೆಚ್ಚು ಸದ್ದು ಮಾಡುತ್ತಿತ್ತು. "ಇನ್ಮೇಲೆ ನೀನು ಕಾರಿನ ಮುಂದಿನ ಸೀಟಲ್ಲಿ ಕಾಲು ಚಾಚಿ ಕೂತ್ಕೋಬೇಕು ಕಣೇ" ಎಂದು ರಾಯರು ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಕೂಡಿಸಿದ್ದರು. ಜನ್ಮದಲ್ಲಿ ಒಬ್ಬರ ಹತ್ತಿರವೂ ಸಾಲ ಮಾಡಿದವರಲ್ಲ. ಅದೊಂದು ಜಂಬ ಅವರಿಗೆ.

ಹಳೇ ಕಾರು ಮಾರುವ ಅಂಗಡಿಯಲ್ಲಿ ನೀಲಿ ಬಣ್ಣದ ಪುಟ್ಟ ಕಾರೊಂದು ನಿಂತಿತ್ತು. ರಾಯರು ಸೀಟು ಒತ್ತಿ ನೋಡಿದರು, ಬಾಗಿಲು ತೆಗೆದು ಹಾಕಿ ಮಾಡಿದರು. ಆಮೇಲೆ ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟು, "ಪೂರ್ತಿ ಕ್ಯಾಶ್. ಎಷ್ಟು ಬಿಡ್ತೀರಿ ಹೇಳಿ" ಎಂದರು.

ಸೇಲ್ಸ್‌ಮನ್ ಮುಖ ಸಪ್ಪಗಾಯಿತು. "ಕ್ಯಾಶ್ ಆದ್ರೆ ಏನೂ ಬಿಡಕ್ಕಾಗಲ್ಲ ಸರ್. ನಮ್ಮಲ್ಲೇ ಲೋನ್ ತಗೊಂಡ್ರೆ ಬೆಲೆ ಇಳಿಸ್ತೀವಿ. ಸೀಟ್ ಕವರ್ ಫ್ರೀ."

"ಇದ್ಯಾವ ನ್ಯಾಯ ರೀ? ದುಡ್ಡು ಇರೋನಿಗೆ ಜಾಸ್ತಿ, ಇಲ್ಲದೋನಿಗೆ ಕಮ್ಮಿ?"

"ಲೋನ್ ಮಾಡಿಸಿದ್ರೆ ನಮಗೂ ನಾಲ್ಕು ಕಾಸು ಸಿಗುತ್ತೆ ಸರ್" ಎಂದ ಆತ, ಮುಚ್ಚುಮರೆಯಿಲ್ಲದೆ.

ಬಾಮೈದ ರಾಯರನ್ನು ಪಕ್ಕಕ್ಕೆಳೆದ. "ಯಾವ ಕಾಲದಲ್ಲಿದ್ದೀರಿ ಭಾವ? ಲೋನ್ ತಗೊಳ್ಳಿ. ಕಾರೂ ನಿಮ್ಮದು, ದುಡ್ಡೂ ನಿಮ್ಮ ಹತ್ರಾನೇ. ಬೇಕಾದಾಗ ಒಂದೇ ಸಲ ಬಿಸಾಕಿದ್ರಾಯ್ತು!"

ರಾಯರು ಕರಗಿದರು. ಅರ್ಜಿ ತುಂಬಿದವನೂ ಬಾಮೈದನೇ, ರಾಯರದು ಬರೀ ರುಜು. ಭಾವ ಕೆಲಸದ ನಡುವೆ ಫೋನ್ ಎತ್ತುವುದಿಲ್ಲವೆಂದು ತನ್ನ ನಂಬರನ್ನೇ ಬರೆದ. ಸಂಜೆ ಬಂದು ಗಾಡಿ ಒಯ್ಯಿರಿ ಎಂದ ಸೇಲ್ಸ್‌ಮನ್.

ಚೀಲ ಹೊತ್ತು ಮನೆಗೆ ಬಂದ ರಾಯರಿಗೆ ತಾವು ದೊಡ್ಡ ಸಾಹುಕಾರರೆನ್ನಿಸಿತ್ತು. ಬಾಮೈದ ಹಿಂದೆಯೇ ಬಂದು ಕುರ್ಚಿ ಎಳೆದುಕೊಂಡ. "ಭಾವ, ಒಂದು ಒಳ್ಳೇ ವ್ಯವಹಾರ ಕುದುರ್ತಾ ಇದೆ. ಆ ದುಡ್ಡು ಹೇಗಿದ್ರೂ ಬೀರುವಲ್ಲಿ ಸುಮ್ನೆ ಬಿದ್ದಿರುತ್ತೆ..."

ಒಳಗಿನಿಂದ ಹೆಂಡತಿ ಕೂಗಿದಳು. "ರೀ, ಮೊದಲು ಕಾರು ಮನೆಗೆ ಬರ್ಲಿ. ಇವನ ವ್ಯವಹಾರ ನನಗೆ ಗೊತ್ತಿಲ್ವಾ?"

"ನೋಡಿ ಭಾವ, ಒಡಹುಟ್ಟಿದ ಅಕ್ಕಾನೇ ಹೀಗಂತಾಳೆ!"

ರಾಯರ ಮುಂದೆ ಇದುವರೆಗೆ ಯಾರೂ ದುಡ್ಡಿಗಾಗಿ ಹಲ್ಲು ಗಿಂಜಿದ್ದಿಲ್ಲ. ಎದೆ ಉಬ್ಬಿತು. "ನೀನು ಸುಮ್ನಿರೇ, ಗಂಡಸರ ಮಾತಲ್ಲಿ ಬಾಯಿ ಹಾಕ್ಬೇಡ" ಎಂದು ಚೀಲವನ್ನೇ ಎತ್ತಿ ಕೊಟ್ಟುಬಿಟ್ಟರು. ಒಳಗೆ ಹೆಂಡತಿ ಪಾತ್ರೆಯೊಂದನ್ನು ಕುಕ್ಕಿದಳು. ಆ ಸದ್ದು ಅವರಿಗೆ ಆಗಲೇ ಚುಚ್ಚಬೇಕಿತ್ತು. ಚುಚ್ಚಲಿಲ್ಲ, ಏನು ಮಾಡುವುದು!

ಸಂಜೆ ಗಂಡ ಹೆಂಡತಿ ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಸ್ಕೂಟರಿನಲ್ಲಿ ಹೋದರು. ಕಾರು ನಿಂತಿದ್ದ ಜಾಗ ಖಾಲಿ.

"ಲೋನ್ ಪಾಸಾಗಲಿಲ್ಲ ಸರ್" ಎಂದ ಸೇಲ್ಸ್‌ಮನ್. "ನೀವು ಜೀವಮಾನದಲ್ಲಿ ಒಂದು ಸಾಲಾನೂ ಮಾಡಿಲ್ವಂತೆ. ತೀರಿಸ್ತಾರೋ ಇಲ್ವೋ, ಏನು ನೋಡಿ ನಂಬೋದು ಅಂದ್ರು ಲೋನ್ ಕಂಪನಿಯೋರು."

"ಅಯ್ಯೋ, ಹಾಳಾಗ್ಲಿ ಬಿಡಿ, ಕ್ಯಾಶೇ ತರ್ತೀನಿ. ಕಾರೆಲ್ಲಿ?"

"ಮಾರಿ ಹೋಯ್ತಲ್ಲ ಸರ್. ನಾನು ಊಟಕ್ಕೆ ಹೋಗಿದ್ದಾಗ ಓನರ್ರೇ ಕೊಟ್ಟುಬಿಟ್ರು. ಕ್ಯಾಶ್ ಪಾರ್ಟಿಯಂತೆ. ಪೂರ್ತಿ ಬೆಲೆ ಎಣಿಸಿದ್ರಂತೆ. ಒಂದು ಮಾತು ಚೌಕಾಸಿ ಮಾಡ್ಲಿಲ್ವಂತೆ, ಪುಣ್ಯಾತ್ಮರು."

ವಾಪಸು ಬರುವಾಗ ಗುಂಡಿ ಬಂದಾಗೆಲ್ಲ ಹೆಂಡತಿ ಮಂಡಿ ಹಿಡಿದುಕೊಂಡು ಉಸಿರೆಳೆಯುತ್ತಿದ್ದಳು. ಆ ಒಂದೊಂದು ಉಸಿರಿಗೂ ರಾಯರು ವೇಗ ಇಳಿಸುತ್ತಿದ್ದರು. "ನಿನ್ನ ಮಾತು ಕೇಳ್ಬೇಕಿತ್ತು ಕಣೇ. ನನ್ನ ಬುದ್ಧಿಗಿಷ್ಟು" ಎಂದರು. ಸ್ಕೂಟರಿನ ಗಲಾಟೆಯಲ್ಲಿ ಆಕೆಗೆ ಅದು ಕೇಳಿಸಿತೋ ಇಲ್ಲವೋ.

ಮನೆಯ ಗೇಟಿನ ಮುಂದೆ ನೀಲಿ ಕಾರು ನಿಂತಿತ್ತು. ಬಾಮೈದ ಗಾಜು ಒರೆಸುತ್ತಿದ್ದ.

"ಬನ್ನಿ ಭಾವ! ಲೋನ್ ಆಗ್ಲಿಲ್ಲ ಅಂತ ನನಗೇ ಫೋನ್ ಬಂತು. ಇಂಥಾ ಗಾಡಿ ಯಾರದೋ ಪಾಲಾಗೋದು ಬೇಡ, ನಮ್ಮೋರಲ್ಲೇ ಇರ್ಲಿ ಅಂತ ನಾನೇ ತಗೊಂಡ್ಬಿಟ್ಟೆ."

ರಾಯರು ಸ್ಕೂಟರಿನಿಂದ ಇಳಿದರು. "ನನ್ನ ದುಡ್ಡು?"

"ಎಲ್ಲಿ ಹೋಗುತ್ತೆ ಭಾವ ನಿಮ್ಮ ದುಡ್ಡು? ತಿಂಗಳು ತಿಂಗಳು ಕಂತಲ್ಲಿ ತೀರಿಸ್ತೀನಿ. ನೆಂಟರ ಮಧ್ಯೆ ಬಡ್ಡಿಗಿಡ್ಡಿ ಬೇಡ ಅಲ್ವಾ?"

ಬೆಳಿಗ್ಗೆ ಸಾಲಕ್ಕೆ ರುಜು ಹಾಕಿದ್ದ ರಾಯರು ಸಂಜೆಗೆ ತಾವೇ ಸಾಲ ಕೊಡುವ ಕಂಪನಿಯಾಗಿದ್ದರು. ಬಯ್ಯಬೇಕೆಂದು ಬಾಯಿ ತೆರೆದರು.

ಅಷ್ಟರಲ್ಲಿ ಬಾಮೈದ ಮುಂದಿನ ಬಾಗಿಲು ತೆಗೆದು, "ಬಾ ಅಕ್ಕ, ಒಂದು ಸುತ್ತು ಹೋಗ್ಬರೋಣ" ಎಂದಿದ್ದ. ಆಕೆ ಗಂಡನ ಮುಖ ನೋಡಿದಳು, ಸೀಟು ನೋಡಿದಳು, ಮೆಲ್ಲಗೆ ಕೂತಳು. ಕಾಲು ಚಾಚಿದಳು. "ಅಬ್ಬಾ, ಎಷ್ಟು ಹಾಯಾಗಿದೆ ರೀ!" ಎಂಬ ಮಾತು ತಾನಾಗಿಯೇ ಹೊರಬಿತ್ತು.

ರಾಯರು ತೆರೆದ ಬಾಯಿ ಮುಚ್ಚಿದರು.

ಬಾಮೈದ ಕಿಟಕಿಯಿಂದ ತಲೆ ಹೊರಹಾಕಿದ. "ಭಾವ, ಪೆಟ್ರೋಲಿಗೆ ಏನಾದ್ರೂ ಇದೆಯಾ? ಎಲ್ಲಾ ದುಡ್ಡೂ ಕಾರಿಗೇ ಹೋಯ್ತು ನೋಡಿ."

ರಾಯರು ಒಳಗೆ ಕೂತ ಹೆಂಡತಿಯನ್ನೊಮ್ಮೆ ನೋಡಿ, ಜೇಬಿಗೆ ಕೈ ಹಾಕಿದರು.